ಸುತ್ತಿದವರ ಹೆಸರು

ಚನ್ನಗಿರಿ
18–6–1979

ತಂಗಿ ಕಸ್ತೂರಿಗೆ ಅಣ್ಣ ಷಣ್ಮುಖಪ್ಪನ ಆಶೀರ್ವಾದ.

ಹದಿನಾಲ್ಕು ವರ್ಷದಿಂದ ನಿನಗೆ ಕಾಗದ ಬರೆಯುವಾಗ ಮೊದಲು ‘ಚಿ. ಸೌ.’ ಎಂದು ಬರೆದೇ ಮುಂದಕ್ಕೆ ಹೋಗುತ್ತಿದ್ದೆ. ಈ ಸಲ ‘ಚಿ.’ ಎಂದು ಬರೆದು ಕೈ ನಿಂತಿತು. ಆ ಇನ್‌ಲ್ಯಾಂಡ್ ಹರಿದುಹಾಕಿ ಇನ್ನೊಂದು ತರಿಸಿದೆ. ಹಾಲಸ್ವಾಮಿ ಹೋಗಿ ಐದು ತಿಂಗಳಾದರೂ ನನ್ನ ಕೈಗೆ ಅದು ಇನ್ನೂ ತಿಳಿದಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಅಂಗಡಿಗೆ ದುರುಗಪ್ಪ ಬಂದಿದ್ದಾನೆ. ದಾವಣಗೆರೆಯಲ್ಲಿ ಹನ್ನೆರಡು ವರ್ಷ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿದವನು. ಉಬ್ರಾಣಿ, ಕೆರೆಬಿಳಚಿ ಕಡೆಯ ರೈತರು ಸುಟ್ಟ ಮೋಟಾರನ್ನು ಬಸ್ಸಿನ ಮೇಲೆ ಹಾಕಿಕೊಂಡು ನನ್ನ ಅಂಗಡಿಯ ಮುಂದೆಯೇ ಅವನಲ್ಲಿಗೆ ಹೋಗುತ್ತಿದ್ದರು. ಆರು ಸಲ ಹೋಗಿ ಕರೆದೆ, ಏಳನೆಯ ಸಲಕ್ಕೆ ಒಪ್ಪಿದ. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ನಿಲ್ಲುತ್ತಾನೆ. ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಾನೆ. ಹೇಳಿದ ಹಾಗೆಯೇ ಆಗುತ್ತದೆ. ಹಾಲಸ್ವಾಮಿಯ ನಂತರ ಇಂಥ ಕೈ ನಾನು ಕಂಡಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರು ಅಂಗಡಿಗೂ ಇನ್ನು ಅವನೊಬ್ಬ ಸಾಕು. ಕಷ್ಟದ ಮೋಟಾರೆಲ್ಲ ಅವನ ಮುಂದೆ ಬರಲಿ, ಉಳಿದವರು ತಂತಿ ಎಳೆದುಕೊಡಲಿ. ಜಗಳೂರಿನದು ದೂರ. ಹಾಲಸ್ವಾಮಿ ಇದ್ದನೆಂದು ಅಲ್ಲಿ ಅಂಗಡಿ ನಡೆಯಿತು. ದೀಪಾವಳಿಗೆ ಅದನ್ನು ಮುಚ್ಚಿಬಿಡೋಣ. ನೀನು ಇಲ್ಲಿಗೆ ಬಾ. ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನಿನ್ನ ಅತ್ತಿಗೆಯೂ ದಾರಿ ನೋಡುತ್ತಿದ್ದಾಳೆ. ಒಂಟಿ ಹೆಂಗಸು ವಾರ್ನಿಷ್ ವಾಸನೆಯಲ್ಲಿ ಕೂತು ಗಂಡಸರ ಜೊತೆ ವ್ಯವಹಾರ ಮಾಡುವುದು ನನಗೆ ಸರಿಯಾಗಿ ಕಾಣುವುದಿಲ್ಲ.

ನಿನ್ನ ಅಣ್ಣ,
ಷಣ್ಮುಖಪ್ಪ


ಜಗಳೂರು
2–7–1979

ಅಣ್ಣನಿಗೆ ಕಸ್ತೂರಿಯ ನಮಸ್ಕಾರ.

ಮಕ್ಕಳಿಲ್ಲದವಳು ಯಾರಿಗಾಗಿ ದುಡಿಯಬೇಕು ಎಂದು ನೀನು ಬರೆದಿಲ್ಲ. ಆದರೆ ಆ ಕೋಣೆಯ ಸುಣ್ಣದ ಮಾತಿನಲ್ಲಿ ಅದು ನನಗೆ ಕೇಳಿಸಿತು. ನಾನು ಬರುವುದಿಲ್ಲ. ಸಿಟ್ಟಾಗಬೇಡ, ಯಾಕೆಂದು ಬರೆಯುತ್ತೇನೆ.

ಇವರು ಹೋದ ದಿನ ಅಂಗಡಿಯಲ್ಲಿ ಹನ್ನೊಂದು ಮೋಟಾರು ಬಿಚ್ಚಿದ್ದವು. ಸುಟ್ಟ ತಂತಿಯನ್ನು ಉಳಿಯಿಂದ ಕತ್ತರಿಸಿ ಗುಜರಿಯ ಚೀಲಕ್ಕೆ ಹಾಕಿಯಾಗಿತ್ತು. ನಿನಗೆ ಗೊತ್ತಿರುವುದೇ, ಕತ್ತರಿಸುವ ಮೊದಲು ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂದು ಎಣಿಸಿಕೊಳ್ಳದಿದ್ದರೆ ಆ ಮೋಟಾರನ್ನು ಮತ್ತೆ ಸುತ್ತುವ ಹಾಗಿಲ್ಲ. ಇವರು ಎಣಿಸಿದ್ದರು. ಎಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ನಾನೂ ಚೌಡಕ್ಕನೂ ಆ ಚೀಲ ಸುರುವಿಕೊಂಡು ಕೂತೆವು. ಚೌಡಕ್ಕ ನಮ್ಮಲ್ಲಿ ಮೋಟಾರಿನ ಒಳಗೆ ಇಡುವ ಕಾಗದ ಕತ್ತರಿಸುವವಳು, ನಿನಗೆ ನೆನಪಿರಬಹುದು. ಎರಡು ದಿನ ಹುಡುಕಿದರೂ ಯಾವ ತಂತಿ ಯಾವುದರದೆಂದು ತಿಳಿಯಲಿಲ್ಲ.

ರೈತರು ಒಬ್ಬೊಬ್ಬರಾಗಿ ಬಂದು ಬರಿಯ ಕಬ್ಬಿಣದ ಚಿಪ್ಪು ತೆಗೆದುಕೊಂಡು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಲಪ್ಪ ಎಂಬುವನು ಹೆಗಲ ಮೇಲೆ ಹೊತ್ತು ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು, “ಯಜಮಾನ್ರು ಬಾಳ ಒಳ್ಳೇರಿದ್ರವ್ವಾ” ಎಂದ. ಅವನ ಹೊಲದಲ್ಲಿ ಈರುಳ್ಳಿ ನಿಂತಿತ್ತು. ಆ ದಿನ ನಾನು ಅತ್ತದ್ದು ಇವರಿಗಾಗಿಯೋ ಆ ಈರುಳ್ಳಿಗಾಗಿಯೋ ನನಗೇ ಗೊತ್ತಿಲ್ಲ.

ಅಂದಿನಿಂದ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಕಾರ್ಡು ಮಾಡಿದ್ದೇನೆ. ಎಷ್ಟು ಎಚ್‌ಪಿ, ಎಷ್ಟು ಸುತ್ತು, ಯಾವ ತಂತಿ, ಹೇಗೆ ಜೋಡಿಸಿತ್ತು, ಎಲ್ಲ ಅದರಲ್ಲಿ. ಕಾರ್ಡು ತುಂಬುವ ತನಕ ಯಾರೂ ಉಳಿ ಮುಟ್ಟುವ ಹಾಗಿಲ್ಲ. ನನ್ನ ಅಂಗಡಿಯ ಕಟ್ಟಳೆ ಅದೊಂದೇ. ಇವರು ಮೊದಲು ಸುತ್ತಿದ್ದ ಮೋಟಾರುಗಳು ಈಗ ಸುಟ್ಟು ಬರುತ್ತವೆ. ಒಂದೊಂದನ್ನೂ ಬಿಚ್ಚಿ, ಎಣಿಸಿ, ಬರೆದುಕೊಂಡು, ಹಾಗೆಯೇ ಸುತ್ತುತ್ತೇವೆ. ಚೌಡಕ್ಕ ಈಗ ಸುತ್ತುತ್ತಾಳೆ. ನಾನೂ ಸುತ್ತುತ್ತೇನೆ.

ನಿನಗೆ ಒಬ್ಬ ದುರುಗಪ್ಪ ಸಿಕ್ಕಿದ. ಅವನಿಗೆ ನಾಳೆ ಜ್ವರ ಬಂದರೆ ಮೂರು ಅಂಗಡಿಗೂ ಜ್ವರ ಬರುತ್ತದೆ. ನನಗೆ ಒಂದು ಬೇಸಿಗೆ ಕೊಡು, ಸಾಕು. ಬೋರ್ಡಿನ ಮಾತು ಈಗ ಎತ್ತುವುದಿಲ್ಲ.

ನಿನ್ನ ತಂಗಿ,
ಕಸ್ತೂರಿ


ಚನ್ನಗಿರಿ
20–7–1979

ತಂಗಿ ಕಸ್ತೂರಿಗೆ,

ನಿನ್ನ ಕಾಗದವನ್ನು ದುರುಗಪ್ಪನಿಗೆ ಓದಿ ಹೇಳಿದೆ. ಜ್ವರದ ಮಾತಿಗೆ ಬಹಳ ನಕ್ಕ. “ಅಕ್ಕಾರ ಕಾರ್ಡಿಗೆ ಕಿವಿ ಐತಾ ಕೇಳ್ರಿ ಸಾವ್ಕಾರ್ರೆ” ಎಂದ. ನನಗೂ ಅದೇ ಅನುಮಾನ. ಕ್ಯಾಲೆಂಡರು ನೋಡಿ ಮೋಟಾರು ಸುತ್ತಬಹುದಾದರೆ ಪಂಚಾಂಗ ನೋಡಿ ಮಳೆ ಸುರಿಸಬಹುದಿತ್ತು.

ಆದರೂ ನೀನು ಹಟಮಾರಿ. ಐದು ವರ್ಷದವಳಿದ್ದಾಗ ಅಪ್ಪ ಕೊಡಿಸದ ಬಳೆಗಾಗಿ ಸಂತೆಯಲ್ಲೇ ಕೂತವಳು, ಗಾಡಿ ಊರು ಮುಟ್ಟಿದರೂ ಎದ್ದಿರಲಿಲ್ಲ. ಒಂದು ಬೇಸಿಗೆ ಕೊಟ್ಟಿದ್ದೇನೆ. ಬರುವ ಮೇ ತಿಂಗಳ ಹೊತ್ತಿಗೆ ನಿನ್ನ ಕೈಯಿಂದ ಹೋದ ಮೋಟಾರುಗಳು ದುರುಗಪ್ಪನವುಗಳಿಗಿಂತ ಹೆಚ್ಚು ಸುಟ್ಟು ವಾಪಸು ಬಂದರೆ ಅಂಗಡಿಯ ಬೀಗದ ಕೈ ನನಗೆ ಕೊಡಬೇಕು. ಆಮೇಲೆ ಒಂದು ಮಾತೂ ಆಡಬಾರದು.

ಬೋರ್ಡಿನ ಮಾತು ಎತ್ತುವುದಿಲ್ಲ ಎಂದು ಬರೆದು ಎತ್ತಿದ್ದೀಯೆ.

ನಿನ್ನ ಅಣ್ಣ,
ಷಣ್ಮುಖಪ್ಪ


ಜಗಳೂರು
11–12–1979

ಅಣ್ಣನಿಗೆ ನಮಸ್ಕಾರ.

ನೀನು ಕಳಿಸಿದ ದುರುಗಪ್ಪ ಬಂದು ನಿನ್ನೆ ವಾಪಸು ಹೊರಟ. ಅಂಗಡಿ ನೋಡಿಕೊಂಡು ಬಾ ಎಂದು ಕಳಿಸಿದೆಯೋ, ಮುಚ್ಚುವುದಕ್ಕೆ ನೆಪ ಹುಡುಕಿಕೊಂಡು ಬಾ ಎಂದೋ, ನಾನು ಕೇಳಲಿಲ್ಲ. ರೊಟ್ಟಿ, ಮಡಕೆಕಾಳಿನ ಪಲ್ಯ ಮಾಡಿ ಬಡಿಸಿದೆ. ಒಳ್ಳೆಯ ಮನುಷ್ಯ. ಊಟ ಮಾಡುವಾಗಲೂ ಅವನ ಬೆರಳು ಏನನ್ನೋ ಸುತ್ತುತ್ತಿರುತ್ತವೆ.

ದಾರಕ್ಕೆ ಪೋಣಿಸಿದ ಕಾರ್ಡುಗಳನ್ನು ತಿರುವಿದ. ಒಂದನ್ನು ಹಿಡಿದು, “ಇದು ಯಾವೂರ್ದು ಅಕ್ಕಾರೆ?” ಎಂದ. “ಐದು ಎಚ್‌ಪಿದು” ಎಂದೆ. ಅವನು ನನ್ನ ಮುಖ ನೋಡಿ, ಆ ಕಾರ್ಡನ್ನು ಮತ್ತೊಮ್ಮೆ ನೋಡಿ, ದಾರಕ್ಕೆ ಬಿಟ್ಟುಬಿಟ್ಟ.

ನಾನು ಕೇಳಿಯೇಬಿಟ್ಟೆ. ನಿನಗೆ ಗೊತ್ತಿರುವುದನ್ನೆಲ್ಲ ಹೇಳು ದುರುಗಪ್ಪ, ನಾನು ಬರೆದುಕೊಳ್ಳುತ್ತೇನೆ, ನಾಲ್ಕು ಅಂಗಡಿಗೂ ಆಗುತ್ತದೆ ಎಂದೆ. ಅವನು ಎದ್ದು ಕೈ ತೊಳೆದು ಬಂದು ಹೇಳಿದ: “ಬರಕೊಟ್ಟ ಮ್ಯಾಲೆ ನಾನ್ಯಾಕೆ ಬೇಕ್ರೀ ನಿಮ್ಮಣ್ಣಾರಿಗೆ? ದಾವಣಗೆರಿ ಅಂಗಡ್ಯಾಗೆ ನಮ್ಮ ಗುರುಗಳು ಎಲ್ಲಾರ್ಗೂ ಕಲಿಸಿಕೊಟ್ರು. ಎರಡು ವರ್ಸಕ್ಕೆ ಅವರ್ನ ಮನೀಗೆ ಕಳಿಸಿದ್ರು. ನನ್ನ ತಲ್ಯಾಗಿರೋದೇ ನನ್ನ ಹೊಲ. ಅದ್ನ ಪಾಣಿ ಮಾಡಿ ನಿಮ್ಮ ಕೈಗೆ ಕೊಡಾಕೆ ಹೆಂಗಾಗ್ತೈತೆ?”

ಇವರೂ ಒಂದಕ್ಷರ ಬರೆದಿಡಲಿಲ್ಲ ಏಕೆ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಮರೆವು ಎಂದುಕೊಂಡಿದ್ದೆ. ನಿನಗೆ ಬೇರೆ ಏನಾದರೂ ಹೊಳೆದರೆ ಬರೆ.

ಕಸ್ತೂರಿ


ಚನ್ನಗಿರಿ
3–3–1980

ತಂಗಿ ಕಸ್ತೂರಿಗೆ ಆಶೀರ್ವಾದ.

ಉತ್ತರ ಬರೆಯಲು ತಡವಾಯಿತು. ನೀನು ಕೇಳಿದ್ದಕ್ಕೆ ನನಗೇನೂ ಹೊಳೆಯಲಿಲ್ಲ.

ದುರುಗಪ್ಪ ಅಕ್ಕನ ಮಗಳ ಮದುವೆಗೆಂದು ಹೋಗಿ ಹನ್ನೆರಡು ದಿನವಾಯಿತು. ನಾಲ್ಕು ದಿನ ಎಂದು ಹೋದವನು. ಊರಿಗೆ ಆಳು ಕಳಿಸಿದರೆ ಬೀಗರ ಜೊತೆ ಉಳವಿಗೆ ಹೋಗಿದ್ದಾನೆ ಎಂದರು. ಇಲ್ಲಿ ಇಪ್ಪತ್ತಮೂರು ಮೋಟಾರು ಸಾಲಾಗಿ ಕೂತಿವೆ. ರೈತರು ಬೆಳಗ್ಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತರೆ ಸಂಜೆ ಏಳುತ್ತಾರೆ. “ದುರುಗಪ್ಪನೇ ಸುತ್ತಲಿ, ಕಾಯ್ತೀವಿ” ಎನ್ನುತ್ತಾರೆ. ಅವನ ಹೆಸರನ್ನು ಅಷ್ಟು ಎತ್ತರಕ್ಕೆ ಏರಿಸಿದವನು ನಾನೇ, ಈಗ ಇಳಿಸಲು ಏಣಿ ಇಲ್ಲ. ನಮ್ಮ ನಾಲ್ಕು ಆಳುಗಳು ಬೀಡಿ ಸೇದಿಕೊಂಡು ಕೂತಿದ್ದಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ತಂತಿ ಎಳೆದುಕೊಟ್ಟರೆ ಸಾಕು, ಉಳಿದದ್ದು ನಿಮಗೆ ಬೇಡ ಎಂದಿದ್ದೆ.

ನಿನ್ನ ಜ್ವರದ ಮಾತು ನೆನಪಾಯಿತು. ನಗಬೇಡ.

ಹೊನ್ನಾಳಿಯಲ್ಲಿ ಅಂಗಡಿ ನೋಡಿಕೊಳ್ಳುವ ಬೆನಕಪ್ಪ ದಿನಕ್ಕೊಂದು ಚೀಟಿ ಕಳಿಸುತ್ತಿದ್ದಾನೆ. ಹೊಳೆಯ ನೀರು ಎತ್ತುವ ಪಂಪುಗಳು ನಿಂತಿವೆಯಂತೆ, ಬೇಸಿಗೆ ಬತ್ತ ಹೊಡೆ ತುಂಬಿ ನಿಂತಿದೆಯಂತೆ. ನಿನ್ನ ಕಾರ್ಡುಗಳ ಒಂದು ನಕಲು ಹೊನ್ನಾಳಿಗೂ ನ್ಯಾಮತಿಗೂ ಕಳಿಸು. ಸೋತೆ ಎಂದು ಬರೆದಿಲ್ಲ, ನಕಲು ಕಳಿಸು ಎಂದು ಬರೆದಿದ್ದೇನೆ.

ಷಣ್ಮುಖಪ್ಪ


ಜಗಳೂರು
9–3–1980
(ಪೋಸ್ಟ್ ಕಾರ್ಡು)

ಅಣ್ಣನಿಗೆ, ಅರವತ್ತೆರಡು ಕಾರ್ಡುಗಳನ್ನು ಎರಡು ನಕಲು ಮಾಡಿ ಚೌಡಕ್ಕನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಮೂರು ದಿನ ಇದೇ ಕೆಲಸ. ಬೆರಳು ನೋಯುತ್ತದೆ, ಮನಸ್ಸಿಗೆ ಬಹಳ ಸಂತೋಷವಾಗಿದೆ. ಅವಳು ಹೊನ್ನಾಳಿಯಲ್ಲೊಂದು, ನ್ಯಾಮತಿಯಲ್ಲೊಂದು ಸುತ್ತಿ ತೋರಿಸಿ ಬರುತ್ತಾಳೆ. ನಾನು ನಗಲಿಲ್ಲ, ಸ್ವಲ್ಪ ಮಾತ್ರ. ಕಸ್ತೂರಿ.


ಹೊನ್ನಾಳಿ
20–4–1980

ಕಸ್ತೂರಿಗೆ,

ನಿನ್ನ ಕಾರ್ಡು ನೋಡಿ ಸುತ್ತಿದ ಮೋಟಾರುಗಳಲ್ಲಿ ಒಂಬತ್ತು ಸುಟ್ಟಿವೆ. ಹೊನ್ನಾಳಿಯಲ್ಲಿ ಆರು, ನ್ಯಾಮತಿಯಲ್ಲಿ ಮೂರು. ಕೆಲವು ಮೂರು ವಾರ ಓಡಿದವು, ಒಂದು ನಾಲ್ಕು ದಿನ ಓಡಿತು. ಇಲ್ಲಿ ಅಂಗಡಿಯ ಮುಂದೆ ನಿಂತು ಜನರಿಂದ ಮಾತು ಕೇಳಿದ್ದೇನೆ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಕೇಳದ್ದನ್ನು ಕೇಳಿದೆ. ಒಬ್ಬಾತ ಬಾಡಿದ ಬತ್ತದ ತೆನೆ ಕಿತ್ತು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದ. ಅದು ಇನ್ನೂ ಇಲ್ಲೇ ಇದೆ.

ಬೆನಕಪ್ಪ ನಿಯತ್ತಿನವನು. ನೀನು ಬರೆದದ್ದನ್ನು ಒಂದು ಸುತ್ತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಸುತ್ತಿದ್ದಾನೆ. ದುರುಗಪ್ಪ ಬಂದು ಒಂದನ್ನು ಬಿಚ್ಚಿ ಎಣಿಸಿದ. “ಸುತ್ತು ಕಮ್ಮಿ, ತಂತಿ ದಪ್ಪ. ಇದು ಜಗಳೂರಿನ ಕರೆಂಟಿಗೆ ಸುತ್ತಿದ್ದು ಸಾವ್ಕಾರ್ರೆ. ಲೈನಿನ ಕೊನೀಗೆ, ಎಳೆ ಕರೆಂಟಿಗೆ. ಇಲ್ಲಿ ತುಂಬಿದ ಕರೆಂಟು ಬರ್ತೈತೆ, ಸುಡದೆ ಏನ್ಮಾಡ್ತೈತೆ?” ಎಂದ. ಡಿಸೆಂಬರಿನಲ್ಲೇ ನಿನ್ನನ್ನು ಯಾವ ಊರಿನದೆಂದು ಕೇಳಿದನಂತೆ. ನೀನು ಎಚ್‌ಪಿ ಹೇಳಿದೆಯಂತೆ.

ಆಗಲೇ ಬಿಡಿಸಿ ಹೇಳಬಾರದಿತ್ತೇ ಎಂದು ಅವನ ಮೇಲೂ ಕೂಗಾಡಿದೆ. ನಿಮ್ಮನ್ನು ಇಬ್ಬರನ್ನೂ ಕಟ್ಟಿಕೊಂಡು ನನಗೆ ಸಾಕಾಗಿದೆ.

ಮಾತಿನಂತೆ ನಡೆ. ಈ ತಿಂಗಳ ಕೊನೆಗೆ ಜಗಳೂರಿನ ಬೀಗದ ಕೈ ತಂದು ಕೊಡು.

ಷಣ್ಮುಖಪ್ಪ


ಜಗಳೂರು
26–4–1980

ಅಣ್ಣನಿಗೆ,

ನಿನ್ನ ಕಾಗದ ಬಂದ ದಿನ ಒಲೆ ಹಚ್ಚಲಿಲ್ಲ. ಚೌಡಕ್ಕ ಅವಳ ಮನೆಯಿಂದ ಅನ್ನ ತಂದಳು. ಅವಳಿಗೂ ಇಳಿಯಲಿಲ್ಲ.

ತಪ್ಪು ನನ್ನದು. ಬೆನಕಪ್ಪನದಲ್ಲ, ದುರುಗಪ್ಪನದೂ ಅಲ್ಲ. ಇವರು ಅಂಗಡಿಗೆ ಬಂದವರನ್ನು ಮೊದಲು ಕೇಳುತ್ತಿದ್ದದ್ದು ಮೋಟಾರಿನ ವಿಷಯವಲ್ಲ. “ಯಾವೂರ್ರೀ, ಟ್ರಾನ್ಸ್‌ಫಾರ್ಮರಿಂದ ಎಷ್ಟು ಕಂಬ ದೂರ? ಸಂಜೀಕೆ ಬಲ್ಬು ಹೆಂಗೆ ಉರಿತೈತೆ, ಕೆಂಪಗೋ ಬೆಳ್ಳಗೋ?” ಎನ್ನುತ್ತಿದ್ದರು. ಹನ್ನೆರಡು ವರ್ಷ ಈ ಮಾತು ಕೇಳಿಕೊಂಡು ಚಹಾ ಕೊಟ್ಟಿದ್ದೇನೆ. ಬಂದವರನ್ನು ಮಾತಾಡಿಸುವ ರೀತಿ ಅದು ಎಂದುಕೊಂಡಿದ್ದೆ. ಇವರು ಮೋಟಾರಿಗೆ ಸುತ್ತುತ್ತಿರಲಿಲ್ಲ, ಊರಿಗೆ ಸುತ್ತುತ್ತಿದ್ದರು. ನಾನು ಎಲ್ಲವನ್ನೂ ಎಣಿಸಿದೆ, ಕಾರ್ಡಿನಲ್ಲಿ ಊರಿಗೆ ಜಾಗ ಬಿಡಲಿಲ್ಲ. ಕಟ್ಟಳೆ ಮಾಡಿದ್ದೇನೆಂದು ಜಂಬ ಪಟ್ಟೆ, ಒಂದು ತಪ್ಪನ್ನು ನಾನೇ ನಕಲು ಮಾಡಿ ಬಸ್ಸಿಗೆ ಹಾಕಿ ಕಳಿಸಿದೆ.

ಬೀಗದ ಕೈ ತರುತ್ತೇನೆ. ಆದರೆ ಮೊದಲು ಹೊನ್ನಾಳಿಗೆ ಬರುತ್ತೇನೆ. ಒಂಬತ್ತನ್ನೂ ನಾನು, ಚೌಡಕ್ಕ ಕೂತು ಮತ್ತೆ ಸುತ್ತಿಕೊಡುತ್ತೇವೆ. ವಿಧವೆ ಹೆಂಗಸು ಬಜಾರಿನಲ್ಲಿ ಕೂತಳು ಎಂದು ಜನ ಆಡಿದರೆ ಆಡಲಿ. ದುರುಗಪ್ಪ ಹೇಳಿಕೊಟ್ಟರೆ ಹೇಳಿಕೊಡಲಿ. ಇಲ್ಲದಿದ್ದರೆ ಒಂದೊಂದು ಊರಿಗೂ ಹೋಗಿ ಬಲ್ಬು ನೋಡಿಕೊಂಡು ಬಂದು ಸುತ್ತುತ್ತೇನೆ.

ಇನ್ನು ಬೋರ್ಡಿನ ಮಾತು. ಈಗ ಆಡಿಬಿಡುತ್ತೇನೆ, ಆಮೇಲೆ ಆಡುವ ಮುಖ ಇರುವುದಿಲ್ಲ. ಜಗಳೂರಿಗೆ ಇವರನ್ನು ಕಳಿಸುವಾಗ ನೀನು ನಮ್ಮ ಮನೆಯ ಜಗುಲಿಯ ಮೇಲೆ ಕೂತು, ಅಂಗಡಿಯ ಮೇಲೆ ಇಬ್ಬರ ಹೆಸರೂ ಇರುತ್ತದೆ ಎಂದೆ. ಬೋರ್ಡು ಬಂದಾಗ ‘ಷಣ್ಮುಖ ಎಲೆಕ್ಟ್ರಿಕಲ್ಸ್’ ಎಂದಷ್ಟೇ ಇತ್ತು. ಇವರು ಏಣಿ ಹತ್ತಿ ತಾವೇ ಅದನ್ನು ಮೊಳೆ ಹೊಡೆದು ಕೂರಿಸಿದರು. ಇಳಿದು ಬಂದು, “ಅಕ್ಷರ ಚೆನ್ನಾಗೈತೆ” ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ಆ ಮೇಲೆ ನೀನು ಎರಡು ಸಲ, ಕಲಿತದ್ದನ್ನು ಹುಡುಗರಿಗೆ ಹೇಳಿಕೊಡು ಎಂದು ಇವರಿಗೆ ಹೇಳಿದೆ. ಎರಡು ಸಲವೂ ಇವರು ಆಗಲಿ ಎಂದರು, ಹೇಳಿಕೊಡಲಿಲ್ಲ. ದುರುಗಪ್ಪನ ಮಾತು ಕೇಳಿದ ಮೇಲೆ ನನಗೆ ಇದು ಅರ್ಥವಾಯಿತು. ನಿನಗೆ ಮೊದಲೇ ಅರ್ಥವಾಗಿತ್ತೇನೋ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಕಸ್ತೂರಿ


ಚನ್ನಗಿರಿ
14–7–1980

ತಂಗಿ ಕಸ್ತೂರಿಗೆ,

ನೀನು ಹೊನ್ನಾಳಿಯಿಂದ ಹೋಗಿ ಎರಡು ತಿಂಗಳಾಯಿತು. ಅಲ್ಲಿ ಹದಿನಾರು ದಿನ ಒಂದೇ ಸೂರಿನ ಕೆಳಗೆ ಇದ್ದರೂ ನಾವು ಅನ್ನ, ತಂತಿ, ಬಸ್ಸಿನ ಹೊತ್ತು ಬಿಟ್ಟು ಬೇರೆ ಮಾತಾಡಲಿಲ್ಲ. ನೀನು ಮೇಜಿನ ಮೇಲೆ ಇಟ್ಟ ಬೀಗದ ಕೈಯನ್ನು ನಾನು ಮುಟ್ಟಲಿಲ್ಲ. ಬೆನಕಪ್ಪ ಅದನ್ನು ಅರಿವೆಯಲ್ಲಿ ಸುತ್ತಿ ನಿನ್ನ ಚೀಲಕ್ಕೆ ಹಾಕಿದನಂತೆ. ಹಾಕು ಎಂದವನು ನಾನೇ.

ಆ ಹದಿನಾರು ದಿನ ದುರುಗಪ್ಪ ನಿನ್ನನ್ನೇ ನೋಡುತ್ತಿದ್ದ. ಮೊದಲ ಮೂರು ದಿನ ದೂರ ಕೂತಿದ್ದ. ನಾಲ್ಕನೆಯ ದಿನ ಹತ್ತಿರ ಬಂದು ಚೌಡಕ್ಕನ ಕೈ ತಡೆದು, “ಹಂಗಲ್ಲವ್ವ, ಈ ಮೂಲಿಗೆ ಕಾಗದ ಎರಡು ಪದರ ಇಡು” ಎಂದ. ಅದನ್ನು ಕೇಳಿ ನಾನು ಹೊರಗೆ ಹೋಗಿ ನಿಂತೆ. ವರ್ಷವಿಡೀ ನನ್ನ ಆಳುಗಳಿಗೆ ಅವನು ಒಂದು ಮಾತು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡು ಎಂದು ನಾನೂ ಕೇಳಿರಲಿಲ್ಲ. ತಪ್ಪಾಯಿತು ಎಂದು ಒಬ್ಬರು ಒಂಬತ್ತು ಜನರ ಮುಂದೆ ಹೇಳಿ, ಕೂತು ಸರಿಮಾಡಿದ್ದನ್ನು ಅವನು ಮೊದಲ ಸಲ ನೋಡಿರಬೇಕು. ನಾನೂ ಮೊದಲ ಸಲವೇ ನೋಡಿದ್ದು.

ಬೋರ್ಡಿನ ಮಾತು. ನಾನು ಮರೆತಿರಲಿಲ್ಲ. ಪೇಂಟರಿಗೆ ಇಬ್ಬರ ಹೆಸರೂ ಬರೆದ ಚೀಟಿ ಕೊಡುವಾಗ ಕೊನೆಯ ಗಳಿಗೆಯಲ್ಲಿ ಒಂದನ್ನು ಹೊಡೆದುಹಾಕಿದೆ. ಹೆಸರು ಹಾಕಿದರೆ ನಾಳೆ ಅವನು ಬೇರೆ ಅಂಗಡಿ ಇಟ್ಟಾನು ಎಂದು ಹೆದರಿದೆ. ತಂಗಿಯ ಗಂಡನಿಗೆ ಹೆದರಿದೆ. ಇದನ್ನು ಬರೆಯುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಈಗ ಹೊಸ ಬೋರ್ಡು ಬರೆಸುತ್ತೇನೆ. ಜಗಳೂರಿನ ಅಂಗಡಿ ಮುಚ್ಚುವ ಮಾತು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ. ಮಹಡಿಯ ಕೋಣೆಯಲ್ಲಿ ಈಗ ಅಡಿಕೆ ಚೀಲ ಇಟ್ಟಿದ್ದಾರೆ.

ನಿನ್ನ ಅಣ್ಣ,
ಷಣ್ಮುಖಪ್ಪ


ಜಗಳೂರು
30–7–1980

ಅಣ್ಣನಿಗೆ ನಮಸ್ಕಾರ.

ಕಾಗದ ಓದಿ ಮಡಿಸಿ ದೇವರ ಗೂಡಿನಲ್ಲಿ ಇಟ್ಟೆ. ಮತ್ತೆ ಓದುವ ಧೈರ್ಯ ಬಂದಾಗ ಓದುತ್ತೇನೆ.

ಬೋರ್ಡು ಬೇಡ. ಈಗ ಬೋರ್ಡು ಬಂದರೆ ಏಣಿ ಹತ್ತಿ ಮೊಳೆ ಹೊಡೆಯಲು ಯಾರೂ ಇಲ್ಲ. ಅದರ ಬದಲು ಕಾರ್ಡುಗಳನ್ನು ಚನ್ನಗಿರಿಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸು. ಮೊದಲ ಸಾಲು ಊರು. ಕೊನೆಯ ಸಾಲು ಸುತ್ತಿದವರು. ಸುತ್ತಿದವರ ಹೆಸರಿಲ್ಲದ ಕಾರ್ಡು ನಾಲ್ಕು ಅಂಗಡಿಯಲ್ಲಿ ಎಲ್ಲೂ ನಡೆಯಬಾರದು. ದುರುಗಪ್ಪ ಹೇಳಿದ್ದು ಯಾವ ಊರಿಗೆ ಹೋದರೂ ದುರುಗಪ್ಪನ ಹೆಸರಿನಲ್ಲೇ ಹೋಗಲಿ. ಬರೆಸಿಕೊಂಡ ಮೇಲೆ ಅವನನ್ನು ಬಿಡುವುದಿಲ್ಲ ಎಂದು ನೀನು ಅವನಿಗೆ ಬಾಯಲ್ಲಿ ಹೇಳಬೇಡ, ಕಾಗದದಲ್ಲಿ ಬರೆದುಕೊಡು. ನಿನ್ನ ಬಾಯಿ ಮಾತು ಏನೆಂದು ನಮ್ಮ ಮನೆಯಲ್ಲಿ ಗೊತ್ತಿದೆ. ಇದು ತಮಾಷೆಗೆ ಬರೆದದ್ದು, ಅರ್ಧ.

ಇಲ್ಲಿ ಹಳೆಯ ಕಾರ್ಡುಗಳಿಗೆ ಊರು ಸೇರಿಸುತ್ತಿದ್ದೇವೆ. ಇವರು ಸುತ್ತಿದ ಮೋಟಾರು ಬಂದರೆ ಗುರುತಿಸುವುದು ಕಷ್ಟವಿಲ್ಲ. ತಂತಿ ಕಟ್ಟಿದ ದಾರದ ಕೊನೆಯ ಗಂಟು ನನ್ನ ಹೊಲಿಗೆ ಡಬ್ಬಿಯ ಕೆಂಪು ನೂಲಿನದು. ನೂಲು ಕದ್ದದ್ದಕ್ಕೆ ದಿನವೂ ಜಗಳವಾಡುತ್ತಿದ್ದೆ.

ಕಸ್ತೂರಿ


ಚನ್ನಗಿರಿ
19–2–1982

ತಂಗಿ ಕಸ್ತೂರಿಗೆ ಆಶೀರ್ವಾದ.

ನೀನು ನ್ಯಾಮತಿಗೆ ಕಳಿಸಿಕೊಟ್ಟ ಚೌಡಕ್ಕ ಅಲ್ಲಿಯ ಅಂಗಡಿಯನ್ನು ಚೆನ್ನಾಗಿ ನಡೆಸುತ್ತಿದ್ದಾಳೆ. ಗಂಡಸರು ಮೊದಮೊದಲು ಹೊರಗೆ ನಿಂತು ಇಣುಕುತ್ತಿದ್ದರು, ಈಗ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ದುರುಗಪ್ಪ ಕಳೆದ ತಿಂಗಳು ಹದಿನೈದು ದಿನ ಊರಿಗೆ ಹೋಗಿದ್ದ. ಅವನು ಇಲ್ಲವೆಂದು ಒಂದು ಮೋಟಾರೂ ಕಾಯಲಿಲ್ಲ. ವಾಪಸು ಬಂದು ಅದನ್ನು ಕೇಳಿ ಅವನ ಮುಖ ಸ್ವಲ್ಪ ಸಪ್ಪಗಾಯಿತು. ಆಮೇಲೆ ಕಾರ್ಡುಗಳಲ್ಲಿ ತನ್ನ ಹೆಸರು ನೋಡಿ ಸರಿಹೋದ.

ಈಗ ಒಂದು ವಿಷಯ ಬಂದಿದೆ. ನೀನೇ ಹೇಳಬೇಕು. ನಲ್ಲೂರಿನ ಅಂಜಿನಪ್ಪ ಎಂಬುವನು ಐದು ಎಚ್‌ಪಿ ಮೋಟಾರು ತಂದಿದ್ದಾನೆ. ಸುಟ್ಟಿಲ್ಲ, ಬೇರಿಂಗ್ ಸವೆದಿದೆ ಅಷ್ಟೆ. ಬೇರಿಂಗ್ ಹಾಕಿ ಓಡಿಸಿದಾಗ ದುರುಗಪ್ಪ ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಬಹಳ ಹೊತ್ತು ಕೇಳಿದ. ಎಲ್ಲರನ್ನೂ ಕರೆದು ಒಬ್ಬೊಬ್ಬರ ಕಿವಿಗೂ ಇಟ್ಟ. “ಇಷ್ಟು ತಣ್ಣಗೆ ಓಡೋದು ನಾ ಕೇಳೇ ಇಲ್ಲ. ಇದು ಯಾರ ಕೈ?” ಎಂದ. ಹದಿನಾರು ವರ್ಷದ ಹಿಂದೆ ಸುತ್ತಿಸಿದ್ದು, ಒಂದು ದಿನವೂ ನಿಂತಿಲ್ಲ ಎಂದು ಅಂಜಿನಪ್ಪ ಹೇಳಿದ. ಮುಚ್ಚಳ ತೆಗೆದು ನೋಡಿದೆ. ಕೊನೆಯ ಗಂಟು ಕೆಂಪು ನೂಲಿನದು. ನೀವು ಜಗಳೂರಿಗೆ ಹೋಗುವ ಮೊದಲಿನದು, ನನ್ನ ಅಂಗಡಿಯಲ್ಲೇ ಸುತ್ತಿದ್ದು.

ದುರುಗಪ್ಪನಿಗೆ ಅದನ್ನು ಕತ್ತರಿಸಿ ಎಣಿಸುವ ಆಸೆ. ನಾಲ್ಕು ಅಂಗಡಿಗೂ ಇದೇ ಮಾದರಿ ಆಗುತ್ತದೆ ಎನ್ನುತ್ತಾನೆ. ಹಾಗೆಯೇ ಹೊಸದಾಗಿ ಸುತ್ತಿಕೊಡುತ್ತೇವೆಂದರೆ ಅಂಜಿನಪ್ಪನೂ ಒಪ್ಪಿದ್ದಾನೆ. ಕಟ್ಟಳೆಯ ಪ್ರಕಾರ ಕಾರ್ಡು ಮುಂದಿಟ್ಟುಕೊಂಡು ನಾನೇ ತುಂಬಲು ಕೂತೆ. ಊರು ಬರೆದೆ, ಎಚ್‌ಪಿ ಬರೆದೆ. ಸುತ್ತಿನ ಸಾಲು ಕತ್ತರಿಸದೆ ತುಂಬುವ ಹಾಗಿಲ್ಲ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಒಮ್ಮೆ ಆ ಹೆಸರನ್ನು ಹೊಡೆದುಹಾಕಿದ ಕೈ ಇದು. ಕಾರ್ಡನ್ನು ಇದರ ಜೊತೆ ಕಳಿಸಿದ್ದೇನೆ. ಉಳಿ ಮೇಜಿನ ಮೇಲಿದೆ. ನೀನು ಹೇಳಿದಂತೆ ಮಾಡುತ್ತೇವೆ.

ನಿನ್ನ ಅಣ್ಣ,
ಷಣ್ಮುಖಪ್ಪ


ಜಗಳೂರು
24–2–1982

ಅಣ್ಣನಿಗೆ ನಮಸ್ಕಾರ.

ಕತ್ತರಿಸಬೇಡಿ.

ಎಲ್ಲವನ್ನೂ ಎಣಿಸಿ ಬರೆದಿಡಬೇಕು ಎಂದು ಹಟ ಹಿಡಿದವಳು ನಾನೇ. ನಿಮಗೆಲ್ಲ ಆಶ್ಚರ್ಯವಾಗಬಹುದು. ದುರುಗಪ್ಪನಿಗೆ ಬೇಸರವೂ ಆಗಬಹುದು, ಅವನಿಗೆ ಸಮಾಧಾನ ಹೇಳು. ಆದರೆ ಇವರು ಅದನ್ನು ನಮ್ಮ ಕಾರ್ಡಿಗಾಗಿ ಸುತ್ತಿರಲಿಲ್ಲ, ಅಂಜಿನಪ್ಪನ ಹೊಲಕ್ಕೆ ಸುತ್ತಿದ್ದರು. ಚೆನ್ನಾಗಿ ಓಡುತ್ತಿರುವುದನ್ನು ತಿಳಿದುಕೊಳ್ಳುವ ಆಸೆಗೆ ನಿಲ್ಲಿಸುವುದು ಬೇಡ. ಅದು ಸುಡುವ ದಿನ ಬರುತ್ತದೆ. ಆ ದಿನ ನಾನು ಇರುತ್ತೇನೋ ಇಲ್ಲವೋ, ನೀನಾಗಲಿ ದುರುಗಪ್ಪನಾಗಲಿ ಇರುತ್ತೀರೋ ಇಲ್ಲವೋ. ಕಾರ್ಡು ಇರುತ್ತದೆ. ಆಗ ಇರುವವರು ಎಣಿಸಿ ತುಂಬಲಿ. ಅದಕ್ಕೆಂದೇ ಅಲ್ಲವೇ ಇದನ್ನೆಲ್ಲ ಮಾಡಿದ್ದು.

ಇನ್ನೊಂದು. ನಾನು ಹದಿನಾಲ್ಕು ವರ್ಷ ಸಂಸಾರ ಮಾಡಿದರೂ ಇವರ ಹೆಸರನ್ನು ಬಾಯಲ್ಲಿ ಆಡಿದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ನಮ್ಮಲ್ಲಿ ಯಾವ ಹೆಂಗಸೂ ಆಡುವುದಿಲ್ಲ. ಇಲ್ಲಿರುವ ಇವರ ಕಾರ್ಡುಗಳ ಕೊನೆಯ ಸಾಲಿನಲ್ಲೆಲ್ಲ ‘ಮನೆಯವರು’ ಎಂದು ಬರೆದು ಬಿಟ್ಟಿದ್ದೇನೆ. ಯಾರ ಮನೆಯವರು ಎಂದು ಓದುವವರಿಗೆ ಹೇಗೆ ತಿಳಿಯಬೇಕು? ನೀನು ಬೋರ್ಡಿನಿಂದ ತೆಗೆದೆ ಎಂದು ನಿನ್ನ ಮೇಲೆ ಇಷ್ಟು ದಿನ ಸಿಟ್ಟು ಹೊತ್ತಿದ್ದೆ. ನಾನೂ ಬರೆದಿರಲಿಲ್ಲ.

ನಿನ್ನೆ ಸ್ನಾನ ಮಾಡಿ ಕೂತು ಅವಿಷ್ಟನ್ನೂ ತಿದ್ದಿದೆ. ನೀನು ಕಳಿಸಿದ ಕಾರ್ಡನ್ನೂ ತುಂಬಿ ಇದರೊಳಗೆ ಇಟ್ಟಿದ್ದೇನೆ. ಖಾಲಿ ಬಿಟ್ಟದ್ದು ಹಾಗೆಯೇ ಇರಲಿ.

ನಿನ್ನ ತಂಗಿ,
ಕಸ್ತೂರಿ


ಊರು: ನಲ್ಲೂರು
ಮೋಟಾರು: ಐದು ಎಚ್‌ಪಿ
ಸುತ್ತು:
ತಂತಿ:
ಸುತ್ತಿದವರು: ಹಾಲಸ್ವಾಮಿ